ನಾಯಿ ಡಾಂಬರಿನಂಥ ಕಕ್ಕ ಮಾಡ್ತಿದೆ, ರಾಗಿ ಮುದ್ದೆ ತಿಂದಿದ್ದಕ್ಕಾ?

ಪ್ರಶ್ನೆ: ಡಾಕ್ಟ್ರೇ, ನಮ್ದು ಶಿಡ್ಲಘಟ್ಟದ ಹತ್ರ ಒಂದು ಹಳ್ಳಿ. ರೇಷ್ಮೆ ಹುಳದ ಮನೆ ಕಾಯೋಕೆ ಅಂತ ಒಂದು ನಾಟಿ ನಾಯಿ ಸಾಕಿದೀವಿ, ಐದು ವರ್ಷದ್ದು, 18 ಕೆಜಿ ಇರಬಹುದು. ಹೋದ ವಾರ ಬೈಕ್ ತಗುಲಿ ಹಿಂಗಾಲು ಕುಂಟ್ತಿತ್ತು, ನಮ್ಮಪ್ಪನ ಮಂಡಿ ನೋವಿಗೆ ತಂದಿದ್ದ ಡೈಕ್ಲೋಫಿನ್ಯಾಕ್ ಮಾತ್ರೆ ದಿನಕ್ಕೊಂದರಂಗೆ ನಾಲ್ಕು ದಿನ ಮುದ್ದೆ ಒಳಗಿಟ್ಟು ಕೊಟ್ವಿ. ಕುಂಟೋದು ಕಮ್ಮಿ ಆಯ್ತು. ಆದ್ರೆ ಎರಡು ದಿನದಿಂದ ಕಪ್ಪಗೆ, ಅಂಟಂಟಾಗಿ ಕಕ್ಕ ಮಾಡ್ತಿದೆ, ವಾಸನೆ ತಡೆಯಕ್ಕಾಗಲ್ಲ, ಊಟಾನೂ ಅರ್ಧಕ್ಕೆ ಬಿಡ್ತಿದೆ. ರಕ್ತ ಅಂತೂ ಎಲ್ಲೂ ಕಾಣ್ತಿಲ್ಲ. ರಾಗಿ ತಿಂದ್ರೆ ಹಂಗೇ ಬಣ್ಣ ಬರುತ್ತೆ ಬಿಡಿ ಅಂತಾರೆ ಪಕ್ಕದ್ಮನೆಯವರು. ನಿಜಾನಾ?

ಉತ್ತರ: ಅಲ್ಲ. ನಿಮಗೆ ಇದನ್ನ ಫೋನಲ್ಲೇ ಹೇಳಿ ಅವತ್ತೇ ನಾಯಿನ ಆಸ್ಪತ್ರೆಗೆ ಕಳ್ಸಿದ್ದಾಯ್ತು, ಇಲ್ಲಿ ಬರೀತಿರೋದು ಉಳಿದವರಿಗೋಸ್ಕರ. ಐದು ವರ್ಷದಿಂದ ಮುದ್ದೆ ತಿಂತಿರೋ ನಾಯಿಗೆ ಬಣ್ಣ ಬದಲಾಗಿರೋದು ಬರೀ ಎರಡು ದಿನದಿಂದ ಅಂದ್ರೆ ಪಾಪ ಮುದ್ದೆ ಮೇಲೆ ಯಾಕೆ ತಪ್ಪು ಹೊರಿಸ್ತೀರ? ಮುದ್ದೆ ತಿಂದಾಗ ಕಂದು ಬಣ್ಣ ಸ್ವಲ್ಪ ಗಾಢ ಆಗಬಹುದು, ಆದ್ರೆ ರೋಡಿಗೆ ಹಾಕೋ ಡಾಂಬರಿನ ಥರ ಮಿರಮಿರ ಅಂತ ಅಂಟಲ್ಲ, ಆ ವಾಸನೆಯೂ ಇರಲ್ಲ.

ರಕ್ತ ಕಾಣ್ತಿಲ್ಲ ಅಂದ್ರಲ್ಲ, ನೀವು ನೋಡ್ತಿರೋದೇ ರಕ್ತ. ಹೊಟ್ಟೆಯಲ್ಲೋ ಸಣ್ಣ ಕರುಳಿನ ಶುರುವಲ್ಲೋ ಸೋರಿದ ರಕ್ತ ಕೆಳಗೆ ಬರೋ ಹೊತ್ತಿಗೆ ಗಂಟೆಗಟ್ಟಲೆ ಜೀರ್ಣ ಆಗಿ ಕಪ್ಪಾಗಿರುತ್ತೆ. ಇಷ್ಟು ವರ್ಷದಲ್ಲಿ ನಾನು ನೋಡಿರೋದು ಇದೇ, ಎರಡು ಹನಿ ಕೆಂಪು ಕಂಡ್ರೆ ಮಧ್ಯರಾತ್ರಿ ಬಾಗಿಲು ಬಡೀತಾರೆ, ಕಪ್ಪು ಕಂಡ್ರೆ ನಾಲ್ಕು ದಿನ ನೋಡೋಣ ಅಂತ ಕೂತಿರ್ತಾರೆ. ಅನುಮಾನ ಇದ್ರೆ ಒದ್ದೆ ಮಾಡಿದ ಬಿಳಿ ಹತ್ತಿ ಅಥವಾ ಟಿಶ್ಯೂ ಮೇಲೆ ಚೂರು ಸವರಿ ನೋಡಿ, ಅಂಚಲ್ಲಿ ಕೆಂಪು ಛಾಯೆ ಹರಡಿದ್ರೆ ರಕ್ತ ಇರೋ ಸಾಧ್ಯತೆ ಜಾಸ್ತಿ, ಹರಡಲಿಲ್ಲ ಅಂತ ಮಾತ್ರ ಧೈರ್ಯ ತಂದ್ಕೋಬೇಡಿ. ಹಾಂ, ಐರನ್ ಟಾನಿಕ್ ಕೊಡ್ತಿದ್ರೆ, ಇಲ್ಲಾ ಅಂಗಡಿಯಿಂದ ಲಿವರು ರಕ್ತ ತಂದು ಜಾಸ್ತಿ ಹಾಕಿದ್ರೆ ಕೂಡ ಕಪ್ಪಾಗುತ್ತೆ, ಅದನ್ನೂ ಡಾಕ್ಟ್ರಿಗೆ ಹೇಳಿ.

ವಾಂತಿನೂ ಹಂಗೇ. ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಲ್ಲಿ ಉಳಿಯುತ್ತಲ್ಲ ಕಾಫಿ ಚರಟ, ಆ ಥರ ಕಂದು ಪುಡಿ ವಾಂತಿಯಲ್ಲಿ ಕಂಡ್ರೆ ಅದು ಹೊಟ್ಟೆ ಆಸಿಡ್ಡಲ್ಲಿ ಬೆಂದ ರಕ್ತ.

ಇನ್ನು ಮಾತ್ರೆ ವಿಷಯ. ಇಂಥ ನೋವಿನ ಮಾತ್ರೆ ನೋವು ಇಳಿಸೋದರ ಜೊತೆಗೆ ಹೊಟ್ಟೆ ಗೋಡೆನ ಆಸಿಡ್ಡಿಂದ ಕಾಯೋ ರಕ್ಷಣೆನೂ ತೆಗೆದುಬಿಡುತ್ತೆ, ಆಮೇಲೆ ಹುಣ್ಣಾಗಿ ರಕ್ತ ಸೋರುತ್ತೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್, ಇವು ಮನುಷ್ಯರಿಗೆ ತಡೆದಂಗೆ ನಾಯಿಗೆ ತಡೆಯಲ್ಲ, ಕಿಡ್ನಿನೂ ಹೋಗುತ್ತೆ. (ದನಗಳಿಗೆ ಕೊಟ್ಟ ಇದೇ ಡೈಕ್ಲೋಫಿನ್ಯಾಕಿಂದ, ಆ ದನಗಳ ಹೆಣ ತಿಂದ ರಣಹದ್ದುಗಳು ಸತ್ತು ಸತ್ತು, ಪಶುಗಳಿಗೆ ಇದನ್ನ ಕೊಡೋದನ್ನೇ 2006ರಲ್ಲಿ ದೇಶದಲ್ಲಿ ನಿಷೇಧ ಮಾಡಿದ್ರು. ಆದ್ರೂ ಮನೆ ಡಬ್ಬಿಯಿಂದ ನಾಯಿ ಬಾಯಿಗೆ ಹೋಗೋದು ನಿಂತಿಲ್ಲ.) ಮಾತ್ರೆ ತಕ್ಷಣ ನಿಲ್ಲಿಸಿ. ಅದರ ಬದಲು ಪ್ಯಾರಸಿಟಮಾಲ್ ಕೊಡ್ಲಾ, ಗ್ಯಾಸ್ ಮಾತ್ರೆ ಕೊಡ್ಲಾ ಅಂತ ಕೇಳ್ಬೇಡಿ, ಯಾವುದನ್ನ ಎಷ್ಟು ಕೊಡಬೇಕು ಅಂತ ನಾಯಿನ ಮುಟ್ಟಿ ನೋಡಿದವರು ಹೇಳ್ಲಿ.

ಎಷ್ಟು ಅರ್ಜೆಂಟು ಅಂತ ತಿಳ್ಕೊಳ್ಳೋಕೆ ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕು, ಹೆಬ್ಬೆರಳಲ್ಲಿ ಒತ್ತಿ ಬಿಟ್ರೆ ಬಿಳಿಚಿಕೊಂಡು 2 ಸೆಕೆಂಡ್ ಒಳಗೆ ಬಣ್ಣ ವಾಪಸ್ ಬರಬೇಕು. ನಾಟಿ ನಾಯಿಗಳಿಗೆ ಎಷ್ಟೋ ಸಲ ವಸಡೇ ಕಪ್ಪಿರುತ್ತೆ, ಆಗ ಕೆಳಗಿನ ಕಣ್ರೆಪ್ಪೆ ಎಳೆದು ಒಳಗೆ ನೋಡಿ. ಅದು ಸುಣ್ಣದ ಥರ ಬೆಳ್ಳಗಿದ್ರೆ, ಕಿವಿ ಕಾಲು ತಣ್ಣಗಿದ್ರೆ, ಮಲಗಿದಲ್ಲೇ ಏದುಸಿರು ಬಿಡ್ತಿದ್ರೆ, ಎದ್ದು ನಿಂತರೆ ತೂರಾಡಿದ್ರೆ ಒಂದು ನಿಮಿಷನೂ ಕಾಯ್ಬೇಡಿ. ನಾಯಿಗೆ ಕೆಜಿಗೆ ಹೆಚ್ಚುಕಮ್ಮಿ 80-90 ಎಂಎಲ್ ರಕ್ತ ಇರುತ್ತೆ, ಅಂದ್ರೆ ನಿಮ್ಮ ನಾಯಿ ಮೈಯಲ್ಲಿರೋದು ಒಂದೂವರೆ ಲೀಟರ್ ಅಷ್ಟೇ, ಅದರಲ್ಲಿ ಎಷ್ಟು ಕರುಳಿಗೆ ಸೋರಿದೆ ಅಂತ ಹೊರಗಿಂದ ಗೊತ್ತಾಗಲ್ಲ. ಹೋಗುವಾಗ ಮಾತ್ರೆ ಸ್ಟ್ರಿಪ್ ತಗೊಂಡು ಹೋಗಿ, ಕಕ್ಕದ ಫೋಟೋ ಹೊಡ್ಕೊಳಿ, ನಾಚಿಕೆ ಬೇಡ. ರಕ್ತ ಏರಿಸ್ಬೇಕು, ಸ್ಕ್ಯಾನಿಂಗ್ ಮಾಡ್ಬೇಕು ಅಂತ ಊರಲ್ಲಿ ಹೇಳಿದ್ರೆ ಚಿಕ್ಕಬಳ್ಳಾಪುರದಿಂದ ಹೈವೇಯಲ್ಲಿ ನೆಟ್ಟಗೆ ಹೋದ್ರೆ ಬೆಂಗಳೂರಿನ ಹೆಬ್ಬಾಳದಲ್ಲೇ ವೆಟರ್ನರಿ ಕಾಲೇಜಿದೆ. ರಕ್ತ ಸೋರೋದು ನಿಂತ ಮೇಲೂ ಎರಡ್ಮೂರು ದಿನ ಕಪ್ಪಗೇ ಬರಬಹುದು, ಒಳಗಿದ್ದಿದ್ದು ಹೊರಗೆ ಬರಬೇಕಲ್ಲ, ಅದಕ್ಕೆ ಗಾಬರಿ ಬೇಡ, ಊಟ ಓಡಾಟ ಸರಿ ಆಗ್ತಿದೆಯಾ ನೋಡಿ.

ಪ್ರಶ್ನೆ: ನಮ್ ಲ್ಯಾಬ್ರಡಾರ್ ಕಕ್ಕದ ಮೇಲೆ ಕೆಂಪು ರಕ್ತ, ಜೊತೆಗೆ ಲೋಳೆ. ಓಡಾಡ್ಕೊಂಡು ಚೆನ್ನಾಗೇ ಇದೆ ಮೇಡಂ. ಭಾನುವಾರ ಕೋಳಿ ಮೂಳೆ ತಿಂದಿತ್ತು. (ಗೌರಿಬಿದನೂರು)

ಉತ್ತರ: ಕೆಂಪು ಅಂದ್ರೆ ಸಾಮಾನ್ಯವಾಗಿ ಕೆಳಗಿನ ಕರುಳು. ಪದೇ ಪದೇ ಕೂತು ಮುಕ್ಕಿ ಸ್ವಲ್ಪ ಸ್ವಲ್ಪ ಮಾಡ್ತಿದ್ರೆ, ಮಿಕ್ಕಂತೆ ಆಟ ಊಟ ಇದ್ರೆ ಬೆಳಗ್ಗೆವರೆಗೆ ಕಾಯಬಹುದು, ಮೂಳೆ ಅಂತೂ ಇನ್ನು ಹಾಕ್ಬೇಡಿ. ಆದ್ರೆ ಜಾಮ್ ಥರ ಬರೀ ರಕ್ತ ಹೋಗೋಕೆ ಶುರುವಾದ್ರೆ, ವಾಂತಿ ಸೇರಿದ್ರೆ ಆ ರಾತ್ರಿನೇ ಹೊರಡಿ. ಮೈ ಮೇಲೆ ರಕ್ತ ಹೀರೋ ಉಣ್ಣಿ ಇದ್ಯಾ, ಮೂಗಲ್ಲಿ ರಕ್ತ, ಹೊಟ್ಟೆ ಚರ್ಮದ ಮೇಲೆ ಕೆಂಪು ಚುಕ್ಕೆ ಇದ್ಯಾ ನೋಡಿ, ಉಣ್ಣಿ ಜ್ವರದಲ್ಲಿ ಪ್ಲೇಟ್ಲೆಟ್ ಇಳಿದು ಹೀಗಾಗುತ್ತೆ. ಮನೇಲಿ ಇಲಿ ಪಾಷಾಣ ಇಟ್ಟಿದ್ರೆ ಅದನ್ನೂ ಮರೀಬೇಡಿ. ರಕ್ತ ಹೆಪ್ಪುಗಟ್ಟದಂಗೆ ಮಾಡೋ ಇಲಿ ಪಾಷಾಣ ತಿಂದ ದಿನ ನಾಯಿ ಆರಾಮಾಗೇ ಇರುತ್ತೆ, ಎರಡರಿಂದ ಐದು ದಿನ ಬಿಟ್ಟು ರಕ್ತ ಸೋರುತ್ತೆ, ಅಷ್ಟೊತ್ತಿಗೆ ಮನೆಯವರಿಗೆ ಪಾಷಾಣ ಇಟ್ಟಿದ್ದೇ ಮರೆತಿರುತ್ತೆ. ಅದಕ್ಕೆ ವಿಟಮಿನ್ ಕೆ1 ಅನ್ನೋ ಮದ್ದಿದೆ, ವಾರಗಟ್ಟಲೆ ಕೊಡಬೇಕು, ಪ್ಯಾಕೆಟ್ ಕವರ್ ಇದ್ರೆ ತಗೊಂಡು ಹೋಗಿ.

ಪ್ರಶ್ನೆ: ಎರಡೂವರೆ ತಿಂಗಳ ಮರಿ, ಇಂಜೆಕ್ಷನ್ ಇನ್ನೂ ಹಾಕ್ಸಿಲ್ಲ. ನಿನ್ನೆಯಿಂದ ವಾಂತಿ, ಇವತ್ತು ರಕ್ತ ಬೇಧಿ. ಜಂತುಹುಳದ ಔಷಧಿ ಕೊಟ್ರೆ ಸಾಕಾ? (ಚಿಂತಾಮಣಿ)

ಉತ್ತರ: ಸಾಕಾಗಲ್ಲ. ಕೊಕ್ಕೆಹುಳ ಕೂಡ ಮರಿ ರಕ್ತ ಹೀರುತ್ತೆ ನಿಜ, ಆದ್ರೆ ಇಂಜೆಕ್ಷನ್ ಆಗದ ಮರಿಗೆ ವಾಂತಿ, ರಕ್ತ ಬೇಧಿ ಎರಡೂ ಸೇರಿದ್ರೆ ಮೊದಲು ಪಾರ್ವೋ ಅನ್ನೋ ವೈರಸ್ ಕಾಯಿಲೆ ಅಂತಲೇ ಅನ್ಕೊಂಡು ಇವತ್ತೇ ಡ್ರಿಪ್ ಹಾಕಿಸೋಕೆ ಕರ್ಕೊಂಡು ಹೋಗಿ, ನಾಳೆ ಅನ್ನೋ ಹೊತ್ತಿಗೆ ಮೈಯಲ್ಲಿ ನೀರೇ ಇರಲ್ಲ. ಕ್ಲಿನಿಕ್ಕಲ್ಲಿ ಬೇರೆ ಮರಿಗಳ ಪಕ್ಕ ನೆಲಕ್ಕೆ ಬಿಡ್ಬೇಡಿ, ಬುಟ್ಟಿಯಲ್ಲೇ ಇರ್ಲಿ. ಮರಿ ಮಲಗಿದ್ದ ಜಾಗ ಬ್ಲೀಚಿಂಗ್ ನೀರಲ್ಲಿ ತೊಳೀರಿ, ಫಿನಾಯಿಲ್‌ಗೆ ಆ ವೈರಸ್ ಬಗ್ಗಲ್ಲ, ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಆ ಅಂಗಳಕ್ಕೆ ಸದ್ಯಕ್ಕೆ ಇನ್ನೊಂದು ಮರಿ ತರಬೇಡಿ.