ಕರ್ಣನ ಕೊರಳ ಸೆರೆ ಹಿಗ್ಗಿದ್ದೇಕೆ?

ಪ್ರಶ್ನೆ: ನಮ್ಮ ಓಣಿಯ ಗಮಕ ವಾಚನದಲ್ಲಿ ಕುಮಾರವ್ಯಾಸನ ಕರ್ಣಭೇದನದ ಪ್ರಸಂಗ, ಎಂದರೆ ನೀನು ಕುಂತಿಯ ಮಗನೆಂದು ಕೃಷ್ಣ ಕರ್ಣನಿಗೆ ತಿಳಿಸುವ ಭಾಗ, ಮುಗಿದ ಮೇಲೆ ವಾದವೆದ್ದಿತು. ಕರ್ಣನನ್ನು ಅರಿಯಲು ಮನಶ್ಶಾಸ್ತ್ರ ಬೇಕೆಂದು ಒಬ್ಬರು, ಕಾವ್ಯದ ಮಾತಿನ ಬೆಡಗನ್ನು ವಿವರಿಸುವ ಅಲಂಕಾರಶಾಸ್ತ್ರವೇ ಸಾಕೆಂದು ಇನ್ನೊಬ್ಬರು ಪಟ್ಟು ಹಿಡಿದರು. ಯಾರ ಮಾತು ಸರಿ?
— ಓದುಗರೊಬ್ಬರು, ಗದಗ

ಉತ್ತರ: ಈ ಎರಡು ಶಾಸ್ತ್ರಗಳು ಬೇರೆ ಮನೆ ಮಾಡಿದ್ದು ತೀರ ಈಚೆಗೆ. ಸಿಟ್ಟು ಬಂದವನ ಮನಃಸ್ಥಿತಿ ಎಂಥದು, ಸಿಟ್ಟು ಯಾರ ಮೇಲೆ, ಯಾವ ಕಾರಣಕ್ಕೆ ಎಂಬ ಮೂರು ಪ್ರಶ್ನೆಗಳನ್ನು ಅರಿಸ್ಟಾಟಲ್ ಎತ್ತಿದ್ದು ಭಾಷಣಕಲೆಯ ಗ್ರಂಥದಲ್ಲಿಯೇ. ನಾಟ್ಯಶಾಸ್ತ್ರದ ನಮ್ಮ ಭರತಮುನಿಯೂ ಭಾವವನ್ನು ಅದರ ಕಾರಣವಾದ ವಿಭಾವ ಮತ್ತು ಮೈಮೇಲೆ ಕಾಣುವ ಅನುಭಾವಗಳ ಮೂಲಕವೇ ಗುರುತಿಸಿದ.

ನೀವು ಕೇಳಿದ ಪ್ರಸಂಗವನ್ನೇ ನೋಡೋಣ. ಕೃಷ್ಣನು 'ಮೈದುನತನದ ಸರಸವನೆಸಗಿ' ಕರ್ಣನನ್ನು ರಥದಲ್ಲಿ ಬರಸೆಳೆದು ಕೂರಿಸಿಕೊಳ್ಳುತ್ತಾನೆ. ಕುಂತಿ ಕೃಷ್ಣನಿಗೆ ಸೋದರತ್ತೆ. ಆಕೆಯ ಮಗನೆಂದರೆ ಮೈದುನ, ಚೇಷ್ಟೆಗೆ ಸಲುಗೆಯುಳ್ಳ ನಂಟು. ಹುಟ್ಟಿನ ಗುಟ್ಟು ಬಾಯಿಂದ ಹೊರಬೀಳುವ ಮೊದಲೇ ಆ ಒಂದು ಪದ ಅದನ್ನು ಕೇಳುಗನ ಕಿವಿಯಲ್ಲಿ ಉಸುರಿಬಿಟ್ಟಿದೆ. ಸಮನಾಗಿ ಕೂರಲು ಅಂಜುವೆನೆಂದು ಕರ್ಣ ಹಿಂಜರಿದರೆ, ಶೌರಿ, ಎಂದರೆ ಕೃಷ್ಣ, 'ತೊಡೆ ಸೋಂಕಿನಲಿ' ಸರಿದು ಕೂರುತ್ತಾನೆ. ಕುಲದ ಹೆಸರಿನಲ್ಲಿ ಜೀವಮಾನವಿಡೀ ಹಳಿಸಿಕೊಂಡವನಿಗೆ ಈ ಸ್ಪರ್ಶ ಏನು ಮಾಡೀತೆಂಬುದನ್ನು ಬಲ್ಲ ಮಾತುಗಾರನ ನಡೆಯಿದು. ಮಾತಿನ ಜಾಣ್ಮೆ ಎಲ್ಲಿ ಮುಗಿದು ಮನಸ್ಸಿನ ಅರಿವು ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲು ನನಗಂತೂ ಬಾರದು.

ನಿಜ ತಿಳಿದಾಗ ಕರ್ಣನ 'ಕೊರಳ ಸೆರೆ ಹಿಗ್ಗಿದವು', ಎಂದರೆ ಕುತ್ತಿಗೆಯ ನರಗಳು ಉಬ್ಬಿದವು, ಕಣ್ಣೀರು ಉಕ್ಕಿತು. ಇದು ಅನುಭಾವ. ಆದರೆ ಅವನಿಗೆ ಮೊದಲು ಹೊಳೆಯುವುದು ತಾಯಿಯಲ್ಲ, ಸಿಂಹಾಸನವಲ್ಲ. 'ಕುರುಪತಿಗೆ', ಎಂದರೆ ದುರ್ಯೋಧನನಿಗೆ, 'ಕೇಡಾದುದು' ಎಂಬ ಚಿಂತೆ. ಹರಿಯ ಹಗೆ ಹೊಗೆ ತೋರದೆ ಉರುಹುವುದೆಂಬ ರೂಪಕದ ಬೆನ್ನಿಗೇ 'ತನ್ನ ವಂಶವನರುಹಿ ಕೊಂದನು' ಎಂಬ ಮಾತು ಬರುತ್ತದೆ. ಹುಟ್ಟು ತಿಳಿದದ್ದು ಸಾವಾಗಿ ಕಂಡದ್ದೇಕೆಂದು ಕೇಳಿದಾಗ ಮನಶ್ಶಾಸ್ತ್ರದ ನೆರವು ನಿಜಕ್ಕೂ ಬೇಕಾಗುತ್ತದೆ: ತನಗೆ ಬೆಲೆ ಕೊಟ್ಟವನು ದುರ್ಯೋಧನನೊಬ್ಬನೇ ಆಗಿರುವಾಗ, ಹೊಸ ಹೆಸರನ್ನು ಒಪ್ಪುವುದೆಂದರೆ ಇಷ್ಟು ದಿನ ಬದುಕಿದ ಕರ್ಣನನ್ನು ಅಳಿಸಿದಂತೆ.

ಹ್ಯಾಮ್ಲೆಟ್‌ನ ಹಿಂಜರಿಕೆಗೆ ಫ್ರಾಯ್ಡ್ ಬಾಲ್ಯದ ಅದುಮಿಟ್ಟ ಬಯಕೆಯನ್ನು ಕಾರಣವೆಂದ ಮೇಲೆ, ಕಾವ್ಯದ ಪಾತ್ರಗಳನ್ನೆಲ್ಲ ರೋಗಿಗಳಂತೆ ಮಲಗಿಸಿ ಪರೀಕ್ಷಿಸುವ ಚಾಳಿ ಬೆಳೆಯಿತು. ಕರ್ಣನಿಗೆ ಕವಿ ಕೊಟ್ಟ ಪದ್ಯಗಳ ಹೊರಗೆ ಬಾಲ್ಯವಿಲ್ಲ. ಹಾಗೆಂದು ರೂಪಕ, ಉತ್ಪ್ರೇಕ್ಷೆ ಎಂದು ಹೆಸರು ಹಚ್ಚಿ ಕೈತೊಳೆದುಕೊಳ್ಳುವುದೂ ಓದಲ್ಲ. ಪರೀಕ್ಷೆಯ ಅಂಕಗಳಿಗೆ ಅಷ್ಟು ಸಾಕಾಗಬಹುದು.

ಮುಂದಿನ ವಾಚನದಲ್ಲಿ 'ಅರುಹಿ ಕೊಂದನು' ಎಂಬಲ್ಲಿ ನಿಮ್ಮ ಗಮಕಿಗಳು ದನಿಯನ್ನು ಏರಿಸುತ್ತಾರೋ ಇಳಿಸುತ್ತಾರೋ ಕಿವಿಗೊಟ್ಟು ಕೇಳಿ. ಏರಿಸಿದರೆ ಅಲ್ಲಿ ಸಿಟ್ಟಿನ ಕರ್ಣ ಕೂತಿರುತ್ತಾನೆ, ಇಳಿಸಿದರೆ ಸೋತವನು. ನಿಮ್ಮ ಓಣಿಯ ವಾದ ಅಲ್ಲಿಂದ ಮುಂದುವರಿಯಲಿ.