ಅಪ್ಪನ ದನಿಯಾಗ ಹೊಸ ಮಾತು ಹೇಳಿಸಬಹುದೇನು?

ಆಳಂದ ಕಡಿಂದ ಒಬ್ಬ ತಂಗಿ ಬರದಾಳ. ಅಪ್ಪ ತೀರಿಕೊಂಡು ಮುಂದಿನ ತಿಂಗಳಿಗಿ ವರ್ಷ ಆಗ್ತದ, ಬೆಂಗಳೂರಾಗ ನೌಕರಿ ಮಾಡೋ ತಮ್ಮ ಅಪ್ಪನ ಹಳೀ ವಾಟ್ಸಾಪ್ ವಾಯ್ಸ್ ನೋಟ್ ಎಲ್ಲಾ ಕೂಡಿಸಿ ಎಐದಾಗ ಅದೇ ದನಿ ಮಾಡ್ಯಾನ, ವರ್ಷದ ಕಾರ್ಯದ ದಿನ ಬೀಗರ ಮುಂದ "ನಾ ಆರಾಮ ಇದ್ದೀನಿ, ಹೊಲ ಮಾರಬ್ಯಾಡ್ರಿ" ಅಂತ ಹಚ್ಚತೀನಿ ಅಂತಾನ, ಅವ್ವ ಒಮ್ಮೆ ಕೇಳಿದಾಕಿ ಊಟ ಬಿಟ್ಟು ಮತ್ತ ಹಚ್ಚು ಮತ್ತ ಹಚ್ಚು ಅಂತ ಕುಂತಾಳ. ಬ್ಯಾಡ ಅಂದ್ರ ತಮ್ಮಗ ಸಿಟ್ಟು, ಹೂಂ ಅನ್ಲಾಕ ನನಗ ಅಂಜಿಕಿ, ಏನ್ ಮಾಡ್ಲಿ ಅಕ್ಕಾ?

ತಂಗಿ, ತಮ್ಮಗ ಬೈಬ್ಯಾಡ. ಅವಗೂ ಅಪ್ಪ ಬೇಕಾಗ್ಯಾನ, ಅವಗ ಬರೋ ಕೆಲಸ ಅದೊಂದೇ, ಅದನ್ನ ಮಾಡ್ಯಾನ.

ಅವ್ವ ಹಂಗ ಕುಂತಾಳ ಅಂದ್ರ ತಿಳೀಲಾರದಾಕಿ ಅನ್ಕೋಬ್ಯಾಡ. 1966ರಾಗ ಅಮೆರಿಕಾದ ಎಂಐಟಿ ಯೂನಿವರ್ಸಿಟಿಯೊಳಗ ಜೋಸೆಫ್ ವೈಜೆನ್‌ಬಾಮ್ ಅನ್ನೋರು ಎಲೈಜಾ ಅಂತ ಕಂಪ್ಯೂಟರ್ ಪ್ರೋಗ್ರಾಂ ಮಾಡಿದ್ರು, ನಾವು ಟೈಪ್ ಮಾಡಿದ ಮಾತೇ ತಿರುವಿ ಪ್ರಶ್ನೆ ಕೇಳ್ತಿತ್ತು ಅಷ್ಟೇ, ಅದನ್ನ ಮಾಡೋದು ಕಣ್ಣಾರೆ ನೋಡಿದ ಅವರ ಸೆಕ್ರೆಟರಿನೇ ನಾ ಇದರ ಜೋಡಿ ಮಾತಾಡ್ತೀನಿ ನೀವು ಜರಾ ಹೊರಗ ಹೋಗ್ರಿ ಅಂದಿದ್ಲಂತ. ಬರೇ ಅಕ್ಷರಕ್ಕ ಮನಸ್ಸು ಹಂಗ ಕರಗ್ತದ, ಇದು ಗಂಡನ ದನಿ.

ಈಗಂತೂ ದನಿ ಮಾಡೋದು ಸಸಾರ ಆಗ್ಯಾದ, 2023ರಾಗೇ ಮೈಕ್ರೋಸಾಫ್ಟ್‌ನೋರು ಬರೇ 3 ಸೆಕೆಂಡಿನ ಧ್ವನಿ ಸಾಕು ಅಂತ ತೋರಿಸಿದ್ರು. 2018ರಾಗ ತೀರಿಕೊಂಡ ಕರುಣಾನಿಧಿಯವರು 2024ರ ಜನವರಿಯಾಗ ಅವರ ಪಕ್ಷದ ನಾಯಕರೊಬ್ಬರ ಪುಸ್ತಕ ಬಿಡುಗಡೆಯಾಗ ಎಐ ರೂಪದಾಗ ಪರದೆ ಮ್ಯಾಲ ಬಂದು ಮಗನ ಆಡಳಿತ ಹೊಗಳಿದ್ರು. ಅದೇ ತಿಂಗಳು ಅಮೆರಿಕಾದ ನ್ಯೂ ಹ್ಯಾಂಪ್‌ಶೈರ್‌ದಾಗ ಬೈಡನ್ ದನಿಯಾಗ ಫೋನ್ ಬಂದು ವೋಟ್ ಹಾಕಬ್ಯಾಡ್ರಿ ಅಂತು. ದನಿ ಅವರದು, ಮಾತು ಮತ್ಯಾರದೋ. ನಿಮ್ಮ ಮನ್ಯಾಗ ಆಗ್ಲಾಕತ್ತಿದ್ದೂ ಅದೇ, ನನಗ ಅಂಜಿಕಿ ಬರೋದೂ ಇದಕ್ಕೇ. ಹೊಲ ಮಾರಬಾರದು ಅನ್ನೋದು ತಮ್ಮನ ಮಾತು, ಖರೇನೇ ಇರಬಹುದು, ಹಂಗಾದ್ರ ಅವನ ಬಾಯಿಂದ ಹೇಳ್ಲಿ, ನೀ ಎದುರು ಮಾತಾಡ್ಬಹುದು, ಜಗಳಾನೂ ಮಾಡ್ಬಹುದು. ಸತ್ತ ಅಪ್ಪನ ಜೋಡಿ ಯಾರು ವಾದ ಮಾಡ್ತಾರ? ನಾಳೆ ಇನ್ಯಾರೋ ಸಂಬಂಧಿಕರು ಅದೇ ದನಿಯಾಗ ಮಾರ್ರಿ ಅಂತ ಹೇಳಿಸಿದ್ರ ಅವ್ವ ಯಾವ ಗಂಡನ್ನ ನಂಬಬೇಕು?

ಅದಕ್ಕ ನನ್ನ ಮಾತು ಇಷ್ಟು: ಕಾರ್ಯದ ದಿನ ಆ ಹೊಸ ದನಿ ಹಚ್ಚಬ್ಯಾಡ್ರಿ. ಅಪ್ಪ ಖರೇ ಆಡಿದ ಮಾತು ನಿಮ್ಮ ಹತ್ರ ಅವ ಅಲ್ಲಾ, ನೀನೇ ಬರದೀದಿ, ಗಂಜ್ ಮಾರ್ಕೆಟಿನಿಂದ ತೊಗರಿ ರೇಟ್ ಹೇಳಿದ್ದು, ಬಸ್ ಸಿಕ್ತೇನವ್ವಾ ಅಂತ ಕೇಳಿದ್ದು, ಕೆಮ್ಮು ಬಂದು ನಡುವೇ ನಿಂತಿದ್ದು. ಅವನ್ನ ಎರಡು ಪೆನ್‌ಡ್ರೈವ್‌ದಾಗ ಇಡ್ರಿ, ಒಂದು ತಮ್ಮನ ಹತ್ರ ಇರ್ಲಿ, ತಾರೀಖಿನ ಪ್ರಕಾರ ಜೋಡ್ಸೋ ಕೆಲಸ ಅವಗೇ ಕೊಡು, ಅವಗೂ ಕೈಗೊಂದು ಕೆಲಸ ಬೇಕು.

ಅವ್ವಗ ದಿನಾ ಸಂಜಿಕಿ ಒಂದೋ ಎರಡೋ ಹಚ್ಚಿ ಕೇಳಿಸು, ಊಟ ಆದ ಮ್ಯಾಲ, ನೀನೂ ಬಾಜೂಕ ಕುಂದ್ರು. ಕೇಳ್ತಾ ಕೇಳ್ತಾ ಆಕಿ ಅವತ್ತು ಏನಾಗಿತ್ತಂದ್ರ ಅಂತ ಹೇಳ್ಲಾಕ ಶುರು ಮಾಡಿದ್ರ ಫೋನ್ ಬಂದ್ ಮಾಡು, ಆಕಿ ಮಾತು ಕೇಳು.