ಎಂ.ಕಾಂ ಓದುತ್ತಿದ್ದೇನೆ, ಕೋಡಿಂಗ್ ಬರಲ್ಲ. ಹಣಕಾಸಿನ ಡೇಟಾಗೆ ಪೈಥಾನ್ ಕಲೀಲಾ, ಆರ್ ಕಲೀಲಾ? ಚಿಕ್ಕಮಗಳೂರಿನಲ್ಲಿದ್ದೇನೆ.

ಸಿಲಬಸ್‌ನಲ್ಲಿ ಆರ್ ಇದ್ದರೆ ಆರ್, ಇಲ್ಲದಿದ್ದರೆ ಪೈಥಾನ್. ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪೈಥಾನ್‌ನಲ್ಲಿ ಕೋಷ್ಟಕದ ಡೇಟಾ ನಿಭಾಯಿಸುವ ಪಾಂಡಾಸ್ ಲೈಬ್ರರಿಯನ್ನು ವೆಸ್ ಮೆಕಿನ್ನಿ 2008ರಲ್ಲಿ ಶುರು ಮಾಡಿದ್ದೇ ಹೂಡಿಕೆ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾಗ, ಹಾಗಾಗಿ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಲ್ಯಾಪ್‌ಟಾಪ್ ಹಳೆಯದಾದರೂ ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ನಡೆಯುತ್ತದೆ.

ಭಾಷೆಗಿಂತ ಮುಖ್ಯ, ಯಾವ ಡೇಟಾ ಇಟ್ಟುಕೊಂಡು ಕಲಿಯುತ್ತೀರಿ ಅನ್ನೋದು. ಎಷ್ಟೋ ಪಾಠಗಳು ಅಮೆರಿಕದ ಷೇರುಗಳಿಂದ ಶುರುವಾಗುತ್ತವೆ. ಉತ್ತರ ತಪ್ಪಿದ್ದರೂ ನಮಗೆ ಗೊತ್ತಾಗುವುದಿಲ್ಲ. ನೀವು ಕಾಫಿ ರೇಟ್ ಹಿಡಿಯಿರಿ. 50 ಕೆ.ಜಿ. ಮೂಟೆ ಪಾರ್ಚ್‌ಮೆಂಟಿಗೆ (ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜ) ಎಷ್ಟು ನಡೀತಿದೆ ಅಂತ ನಿಮ್ಮೂರಲ್ಲಿ ಯಾವ ಬೆಳೆಗಾರರನ್ನು ಕೇಳಿದರೂ ಹೇಳುತ್ತಾರೆ. ಲೆಕ್ಕ ಎಡವಟ್ಟಾದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿಯ ಬೆಲೆ ಪೌಂಡಿಗೆ ಇಷ್ಟು ಸೆಂಟ್ ಅಂತ ಇರುತ್ತದೆ. 50 ಕೆ.ಜಿ. ಅಂದರೆ 110.23 ಪೌಂಡ್. ಸೆಂಟನ್ನು 100ರಿಂದ ಭಾಗಿಸಿ, 110.23ರಿಂದಲೂ ಆ ದಿನದ ಡಾಲರ್ ದರದಿಂದಲೂ ಗುಣಿಸಿ. ಬಂದ ಮೊತ್ತ ಪಾರ್ಚ್‌ಮೆಂಟ್ ರೇಟಿಗೆ ತಾಳೆಯಾಗುವುದಿಲ್ಲ. ಯಾಕೆಂದರೆ ಅಲ್ಲಿನ ಬೆಲೆ ಸಿಪ್ಪೆ ತೆಗೆದ ಬೀಜದ್ದು; 50 ಕೆ.ಜಿ. ಪಾರ್ಚ್‌ಮೆಂಟಿನಲ್ಲಿ ಬೀಜ ಸಿಗುವುದು ಸುಮಾರು 40 ಕೆ.ಜಿ. ಔಟ್‌ಟರ್ನ್ (ಮೂಟೆಯಲ್ಲಿ ಎಷ್ಟು ಬೀಜ ಸಿಗುತ್ತದೆ ಅನ್ನೋದು) ನೋಡಿ ರೇಟ್ ಹೇಳುವ ವ್ಯಾಪಾರಿಗೆ ಇದು ಬಾಯಿಪಾಠ, ಪಾಂಡಾಸ್‌ಗೆ ನೀವೇ ಹೇಳಿಕೊಡಬೇಕು. ಅಷ್ಟಾದ ಮೇಲೂ ಉಳಿಯುವ ಅಂತರದಲ್ಲಿ ಗುಣಮಟ್ಟ, ಸಾಗಣೆ, ವ್ಯಾಪಾರಿಯ ಲಾಭ ಎಲ್ಲ ಸೇರಿರುತ್ತವೆ. ಅದು ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಯಿತು ಅಂತ ನೋಡಿದರೆ ಒಳ್ಳೆಯ ಪ್ರಾಜೆಕ್ಟೇ ಆಗುತ್ತದೆ.

ಫೈಲ್ ತೆರೆದ ಕೂಡಲೇ ದಿನಾಂಕ ಪರೀಕ್ಷಿಸಿ. ನಾವು ಏಪ್ರಿಲ್ 3ನ್ನು 03/04/2024 ಅಂತ ಬರೆಯುತ್ತೇವೆ, ಪಾಂಡಾಸ್ ಅದನ್ನು ಮಾರ್ಚ್ 4 ಅಂತ ಓದಿಬಿಡುತ್ತದೆ. ಎರರ್ ಕೂಡ ಬರುವುದಿಲ್ಲ. ದಿನ ಮೊದಲು ಬರುತ್ತದೆ ಅಂತ ತಿಳಿಸುವ ಡೇಫರ್ಸ್ಟ್ (dayfirst) ಅನ್ನೋದನ್ನು ಟ್ರೂ (True) ಮಾಡಿ. 1,25,000 ಅಂತ ಅಲ್ಪವಿರಾಮ ಹಾಕಿದ ಸಂಖ್ಯೆಯನ್ನೂ ಅದು ಅಕ್ಷರ ಅಂದುಕೊಳ್ಳುತ್ತದೆ, ಆ ಅಲ್ಪವಿರಾಮಗಳನ್ನು ತೆಗೆದುಹಾಕಿ.

ಇನ್ನೊಂದನ್ನು ದಯವಿಟ್ಟು ಮರೆಯಬೇಡಿ. ನ್ಯೂಯಾರ್ಕ್ ವಹಿವಾಟು ಮುಗಿಯುವಾಗ ಇಲ್ಲಿ ರಾತ್ರಿ. ಸೋಮವಾರದ ಅಲ್ಲಿನ ಮುಕ್ತಾಯ ಬೆಲೆ ನಮ್ಮ ವ್ಯಾಪಾರಿಗೆ ಸಿಗುವುದು ಮಂಗಳವಾರ. ಎರಡನ್ನೂ ಒಂದೇ ತಾರೀಖಿಗೆ ಜೋಡಿಸಿದರೆ ಇನ್ನೂ ಬಾರದ ಸುದ್ದಿಯನ್ನು ಮೊದಲೇ ಓದಿದಂತಾಗಿ ಬೆಲೆ ಅಂದಾಜಿಸುವ ನಿಮ್ಮ ಮಾಡೆಲ್ ಸುಳ್ಳೇ ಚೆನ್ನಾಗಿ ಕಾಣುತ್ತದೆ. ನ್ಯೂಯಾರ್ಕ್ ಕಾಲಂಗೆ ಶಿಫ್ಟ್(1) ಹಾಕಿ, ಒಂದು ಸಾಲು ಕೆಳಗಿಳಿಸಿದ ಮೇಲೆ ಹೋಲಿಸಿ.